ಹಂದಿಯ ಜಂತುಹುಳುಗಳನ್ನು ಗುರುತಿಸುವುದು: ಅಂಗರಚನೆ ಮತ್ತು ಡಿಎನ್‌ಎ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಚಿಂತಾಮಣಿ, ಗೌರಿಬಿದನೂರು ಕಡೆಯ ಹಂದಿ ಸಾಕಣೆದಾರರು, ಮಾಂಸದಂಗಡಿಯವರು, ಪಶುವೈದ್ಯ ವಿದ್ಯಾರ್ಥಿಗಳು ಮತ್ತು ಕೆಲವು ಕಾಲೇಜು ಅಧ್ಯಾಪಕರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸಾಕಣೆದಾರರಿಗೆ ಮೊದಲ ಎರಡು ಭಾಗಗಳು ಸಾಕಾಗಬಹುದು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಆರಂಭದ ಪ್ರಶ್ನೆಗಳು

ಹೊಟ್ಟೇಲಿ ಹುಳ ಇದೆ ಅಂತ ಗೊತ್ತಾದ್ರೆ ಸಾಕಲ್ವಾ ಸಾರ್, ಯಾವ ಹುಳ ಅಂತ ಯಾಕೆ ಬೇಕು?

ಔಷಧಿ ಅಂಗಡಿಯಲ್ಲಿ ಕೊಡುವ ಒಂದೇ ಬಾಟಲಿ ಎಲ್ಲ ಹುಳುಗಳಿಗೂ ನಾಟುವುದಿಲ್ಲ ಎಂಬುದು ಮೊದಲ ಕಾರಣ. ಐವರ್‌ಮೆಕ್ಟಿನ್ ಮತ್ತು ಲೆವಾಮಿಸೋಲ್ ದುಂಡುಹುಳುಗಳ ಮೇಲೆ ಕೆಲಸ ಮಾಡುತ್ತವೆಯೇ ಹೊರತು ಎಲೆಯಾಕಾರದ ಚಪ್ಪಟೆ ಹುಳುಗಳ ಮೇಲೆ ಮಾಡುವುದಿಲ್ಲ. ಹುಳು ಹಂದಿಗೆ ಎಲ್ಲಿಂದ ಬಂತು ಎಂಬುದೂ ಹುಳುವಿನ ಜಾತಿಯ ಮೇಲೆಯೇ ನಿಂತಿದೆ: ಸಣ್ಣ ಕರುಳಿನ ದೊಡ್ಡ ದುಂಡುಹುಳುವಾದ ಆಸ್ಕರಿಸ್ ನೆಲದ ಮೇಲೆ ಬಿದ್ದ ಮೊಟ್ಟೆಯಿಂದ ಬರುತ್ತದೆ, ಶ್ವಾಸಕೋಶದ ಹುಳು ಎರೆಹುಳುವನ್ನು ತಿಂದಾಗ ಬರುತ್ತದೆ, ಮುಳ್ಳುತಲೆ ಹುಳು ಗೊಣ್ಣೆಹುಳುವನ್ನು ತಿಂದಾಗ ಬರುತ್ತದೆ, ಸ್ಟ್ರಾಂಗೈಲಾಯ್ಡಿಸ್ ಎಂಬ ಸಣ್ಣ ದುಂಡುಹುಳು ತಾಯಿಯ ಹಾಲಿನಲ್ಲೇ ಮರಿಗೆ ದಾಟುತ್ತದೆ. ನೆಲವನ್ನು ತೊಳೆಯಬೇಕೇ, ಹಂದಿಯನ್ನು ಮಣ್ಣು ಕೆದಕಲು ಬಿಡದಂತೆ ತಡೆಯಬೇಕೇ, ಮರಿ ಹಾಕುವ ಮುನ್ನ ತಾಯಿಗೆ ಔಷಧಿ ಕೊಡಬೇಕೇ ಎಂಬ ತೀರ್ಮಾನಗಳು ಹೆಸರು ಗೊತ್ತಾದ ಮೇಲಷ್ಟೇ ಸಾಧ್ಯ. ಇವುಗಳಲ್ಲಿ ಕೆಲವು ಮನುಷ್ಯರಿಗೂ ಅಂಟುತ್ತವೆ, ಕೆಲವು ಅಂಟುವುದಿಲ್ಲ.

ಹುಳ ಅಂದ್ರೆ ಎಲ್ಲಾ ಒಂದೇ ಕುಲ ಅಲ್ವಾ?

ಅಲ್ಲ. ಹಂದಿಯ ದೇಹದಲ್ಲಿ ಸಿಗುವ ಹುಳುಗಳನ್ನು ನಾಲ್ಕು ಗುಂಪುಗಳಾಗಿ ನೋಡುವುದು ರೂಢಿ. ದುಂಡುಹುಳುಗಳ ಮೈ ಉರುಟಾಗಿದ್ದು ಎರಡೂ ತುದಿ ಮೊನಚಾಗಿರುತ್ತದೆ, ಬಾಯಿಯಿಂದ ಗುದದವರೆಗೆ ಪೂರ್ತಿ ಕರುಳು ಇರುತ್ತದೆ, ಗಂಡು ಹೆಣ್ಣು ಬೇರೆ ಬೇರೆ. ಎಲೆಯಾಕಾರದ ಹುಳುಗಳಿಗೆ ಹೀರುಬಟ್ಟಲುಗಳಿರುತ್ತವೆ, ಅವುಗಳ ಕರುಳು ಕವಲೊಡೆದು ಕೊನೆಯಲ್ಲಿ ಮುಚ್ಚಿಹೋಗುತ್ತದೆ. ಲಾಡಿಹುಳು ತುಂಡು ತುಂಡಾಗಿ ಜೋಡಿಸಿದ ಪಟ್ಟಿಯಂತಿದ್ದು ಅದಕ್ಕೆ ಕರುಳೇ ಇಲ್ಲ. ಹಂದಿಯಲ್ಲಿ ಸಾಮಾನ್ಯವಾಗಿ ಸಿಗುವುದು ಅದರ ಮರಿಹಂತದ ಗುಳ್ಳೆ ಮಾತ್ರ. ಮುಳ್ಳುತಲೆ ಹುಳುವಿಗೂ ಕರುಳಿಲ್ಲ, ಆದರೆ ಗಂಡು ಹೆಣ್ಣು ಬೇರೆ. ದುಂಡುಹುಳು, ಚಪ್ಪಟೆ ಹುಳು, ಮುಳ್ಳುತಲೆ ಇವುಗಳ ನಡುವಿನ ದೂರ ಹಂದಿಗೂ ಮೀನಿಗೂ ಇರುವ ದೂರಕ್ಕಿಂತ ಹೆಚ್ಚಿನದು. ನೋಟದ ಹೋಲಿಕೆಯನ್ನು ನಂಬಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮುಂದಿನ ಪ್ರತಿ ಹೆಜ್ಜೆಯೂ ತಪ್ಪುತ್ತದೆ.

ಗೇಣುದ್ದದ ಬಿಳೀ ಹುಳ ಸಣ್ಣ ಕರುಳಲ್ಲಿ ಸಿಕ್ತು. ಅದು ದುಂಡುಹುಳನೋ ಮುಳ್ಳುತಲೆದೋ ಹೆಂಗೆ ಹೇಳೋದು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರವನ್ನು ಕೈಯಲ್ಲೇ, ಉಪಕರಣವಿಲ್ಲದೆ ಕಂಡುಕೊಳ್ಳಬಹುದು. ಕರುಳನ್ನು ಸೀಳಿದ ಕೂಡಲೇ ಹುಳುವನ್ನು ಎಳೆಯದೆ ನೋಡಿ. ಆಸ್ಕರಿಸ್ ಸುಯಮ್ ಎಲ್ಲಿಗೂ ಕಚ್ಚಿಕೊಂಡಿರುವುದಿಲ್ಲ, ಕರುಳನ್ನು ಓರೆ ಮಾಡಿದರೆ ಜಾರಿ ಬೀಳುತ್ತದೆ. ಮುಳ್ಳುತಲೆ ಹುಳು, ಅಂದರೆ ಮ್ಯಾಕ್ರಾಕ್ಯಾಂಥೋರಿಂಕಸ್ ಹಿರುಡಿನೇಶಿಯಸ್, ಕರುಳಿನ ಗೋಡೆಗೆ ಮೂತಿ ಚುಚ್ಚಿಕೊಂಡು ನೇತಾಡುತ್ತಿರುತ್ತದೆ. ಜೋರಾಗಿ ಎಳೆದರೆ ಮೂತಿ ಗೋಡೆಯಲ್ಲೇ ಉಳಿದು, ಗುರುತಿಸಲು ಬೇಕಾದ ಭಾಗವೇ ಕೈತಪ್ಪುತ್ತದೆ. ಅದು ಅಂಟಿದ್ದ ಜಾಗದಲ್ಲಿ ಗಂಟೊಂದು ಏಳುತ್ತದೆ, ಆ ಗಂಟು ಕರುಳಿನ ಹೊರಮೈಯಿಂದಲೇ ಕಾಣುತ್ತದೆ.

ಮೈ ನೋಡಿ: ಆಸ್ಕರಿಸ್‌ನ ಮೈ ನಯವಾಗಿ, ಬಿಗಿಯಾಗಿ, ಕೆನೆ ಬಣ್ಣಕ್ಕಿರುತ್ತದೆ, ಮುಳ್ಳುತಲೆಯ ಮೈ ಅಡ್ಡಡ್ಡ ಸುಕ್ಕುಗಟ್ಟಿ ಹಿಂದಕ್ಕೆ ಹೋದಂತೆ ಸಣ್ಣಗಾಗುತ್ತದೆ. ಎರಡರಲ್ಲೂ ಹೆಣ್ಣು 30 ಸೆಂಟಿಮೀಟರ್ ದಾಟುವುದುಂಟು, ಆದ್ದರಿಂದ ಉದ್ದವನ್ನು ನೆಚ್ಚಬೇಡಿ. ಇನ್ನೂ ಅನುಮಾನವಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಆಸ್ಕರಿಸ್‌ನೊಳಗೆ ಚಪ್ಪಟೆಯಾದ ಕಂದುಹಸಿರು ಕರುಳಿನ ಪಟ್ಟಿ, ಹೆಣ್ಣಾದರೆ ಅದರ ಸುತ್ತ ಸುರುಳಿ ಸುತ್ತಿಕೊಂಡ ಬಿಳಿ ನೂಲಿನಂತಹ ಗರ್ಭಕೋಶಗಳು ಕಾಣುತ್ತವೆ. ಮುಳ್ಳುತಲೆಯೊಳಗೆ ಕರುಳು ಹುಡುಕಿದರೂ ಸಿಗುವುದಿಲ್ಲ. ಸೀಳುವಾಗ ಕೈಗವಸು ಹಾಕಿಕೊಂಡು ಗಾಳಿಯಾಡುವ ಕಡೆ ಕೂರಿ, ಏಕೆಂದರೆ ಆಸ್ಕರಿಸ್‌ನ ಮೈದ್ರವ ಕೆಲವರಿಗೆ ವಿಪರೀತ ಸೀನು, ಕಣ್ಣುರಿ, ಉಬ್ಬಸದವರೆಗೂ ಅಲರ್ಜಿ ತರುತ್ತದೆ.

ಸಾಕಣೆಯ ವಿಧಾನವೂ ಸುಳಿವು ಕೊಡುತ್ತದೆ. ಸಿಮೆಂಟು ನೆಲದ ಮೇಲೆ ಹೋಟೆಲ್ ಉಳಿಕೆ ತಿಂದು ಬೆಳೆದ ಬಿಳಿ ಯಾರ್ಕ್‌ಷೈರ್ ಹಂದಿಯಲ್ಲಿ ಸಿಕ್ಕರೆ ಅದು ಬಹುಮಟ್ಟಿಗೆ ಆಸ್ಕರಿಸ್. ಮಳೆ ಬಿದ್ದ ಮೇಲೆ ಹೊಲ, ತಿಪ್ಪೆ ಕೆದಕುತ್ತಾ ಗೊಣ್ಣೆಹುಳು ತಿನ್ನುವ ನಾಟಿ ಕಪ್ಪುಹಂದಿಯಲ್ಲಿ ಎರಡೂ ಇರಬಹುದು, ಒಂದೇ ಕರುಳಿನಲ್ಲಿ ಜೊತೆಜೊತೆಗೂ ಇರಬಹುದು.

ಯಾವ ಭಾಗದಲ್ಲಿ ಸಿಕ್ತು ಅಂತ ಬರೆದಿಡೋದು ಅಷ್ಟು ಮುಖ್ಯಾನಾ?

ಬಹಳ ಮುಖ್ಯ. ಸೀಸೆಯ ಮೇಲೆ "ಹಂದಿ ಹುಳು" ಎಂದಷ್ಟೇ ಬರೆದು ಕಳಿಸಿದರೆ ಅರ್ಧ ಮಾಹಿತಿ ಹೋದಂತೆಯೇ. ಜಠರದ ಗೋಡೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಕೆಂಪು ಹುಳು ಸಿಕ್ಕರೆ ಹಯೋಸ್ಟ್ರಾಂಗೈಲಸ್ ರೂಬಿಡಸ್ ಅನ್ನು ಮೊದಲು ನೆನೆಯಬೇಕು. ಅದೇ ಜಠರದಲ್ಲಿ ಸಗಣಿಜೀರುಂಡೆಯ ಮೂಲಕ ಬರುವ ಆಸ್ಕರಾಪ್ಸ್ ಮತ್ತು ಫೈಸೋಸೆಫಾಲಸ್ ಕೂಡ ಇರುತ್ತವೆ. ಕುರುಡುಗರುಳಿನಲ್ಲಿ ಮುಂಭಾಗ ದಾರದಂತೆ, ಹಿಂಭಾಗ ದಪ್ಪಗೆ ಇದ್ದರೆ ಚಾಟಿಹುಳು, ಅಂದರೆ ಟ್ರೈಚುರಿಸ್ ಸುಯಿಸ್. ದೊಡ್ಡ ಕರುಳಿನ ಗೋಡೆಯಲ್ಲಿ ಸಣ್ಣ ಗಂಟುಗಳಿದ್ದರೆ ಈಸೋಫಗೋಸ್ಟೋಮಮ್. ಶ್ವಾಸನಾಳದ ಕವಲುಗಳಲ್ಲಿ ಬಿಳಿ ದಾರದಂತಿದ್ದರೆ ಮೆಟಾಸ್ಟ್ರಾಂಗೈಲಸ್. ಮೂತ್ರಪಿಂಡದ ಸುತ್ತಲ ಕೊಬ್ಬಿನಲ್ಲಿ ದಪ್ಪನೆಯ, ಮಚ್ಚೆಮಚ್ಚೆಯ ಹುಳು ಇದ್ದರೆ ಸ್ಟೆಫನೂರಸ್ ಡೆಂಟೇಟಸ್.

ಒಂದು ಎಚ್ಚರಿಕೆ ಇದೆ. ಹಂದಿ ಸತ್ತು ಮೈ ತಣ್ಣಗಾಗುವಾಗ ಆಸ್ಕರಿಸ್ ಜಠರಕ್ಕೋ ಪಿತ್ತನಾಳಕ್ಕೋ ತೆವಳಿಹೋಗುತ್ತದೆ, ಆದ್ದರಿಂದ ಕೊಯ್ದು ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಬರೆಯಿರಿ. ಈಲಿಯ (ಲಿವರ್) ಮೇಲೆ ಹಾಲು ಚೆಲ್ಲಿದಂತಹ ಬಿಳಿ ಕಲೆಗಳು ಕಂಡರೆ ಅವು ಆಸ್ಕರಿಸ್ ಮರಿಗಳು ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲಿ ಮಾಡಿದ ಗಾಯದ ಗುರುತುಗಳು. ಕರುಳಿನಲ್ಲಿ ಒಂದೂ ಹುಳು ಸಿಗದಿದ್ದರೂ ಇವನ್ನು ದಾಖಲಿಸಬೇಕು.

ಹಂದಿ ಮಾಂಸ ತಿಂದ್ರೆ ಮೂರ್ಛೆರೋಗ ಬರುತ್ತೆ ಅಂತಾರೆ, ನಿಜಾನಾ?

ನೇರವಾಗಿ ಅಲ್ಲ. ಇಲ್ಲಿ ಎರಡು ಬೇರೆ ಬೇರೆ ದಾರಿಗಳು ಬೆರೆತುಹೋಗಿವೆ. ಮಾಂಸಖಂಡದಲ್ಲಿ ಅಕ್ಕಿಕಾಳಿನಿಂದ ಕಡಲೆಬೇಳೆಯಷ್ಟಿರುವ ನೀರುಗುಳ್ಳೆಗಳು ಟೀನಿಯಾ ಸೋಲಿಯಮ್ ಎಂಬ ಲಾಡಿಹುಳುವಿನ ಮರಿಹಂತ. ಸರಿಯಾಗಿ ಬೇಯದ ಆ ಮಾಂಸವನ್ನು ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನ ಮಲದೊಂದಿಗೆ ಹೊರಬೀಳುವ ಮೊಟ್ಟೆಗಳು ನೀರು, ಸೊಪ್ಪು ಅಥವಾ ತೊಳೆಯದ ಕೈಯ ಮೂಲಕ ಯಾರ ಹೊಟ್ಟೆಗಾದರೂ ಸೇರಿದರೆ ಗುಳ್ಳೆಗಳು ಆ ವ್ಯಕ್ತಿಯ ಮಿದುಳಿನಲ್ಲಿ ಕಟ್ಟಿಕೊಂಡು ಮೂರ್ಛೆ ಬರಿಸಬಹುದು. ಹಾಗಾಗಿ ಹುಟ್ಟಿದಾಗಿನಿಂದ ಮಾಂಸವನ್ನೇ ಮುಟ್ಟದವರಿಗೂ ಈ ರೋಗ ಬರುತ್ತದೆ. ಹಂದಿಗೆ ಗುಳ್ಳೆ ಬರುವುದೂ ಮನುಷ್ಯನ ಮಲ ತಿಂದಾಗಲೇ. ಊರಿನಲ್ಲಿ ಎಲ್ಲರೂ ಶೌಚಾಲಯ ಬಳಸಿದರೆ ಈ ಚಕ್ರ ಮುರಿಯುತ್ತದೆ. ಹಂದಿಯನ್ನು ದೂರುವುದರಿಂದ ಮುರಿಯುವುದಿಲ್ಲ.

## ಅಂಗರಚನೆಯ ಪ್ರಶ್ನೆಗಳು

ಲದ್ದಿಯಲ್ಲಿರೋ ಮೊಟ್ಟೆ ನೋಡಿಯೇ ಜಾತಿ ಹೇಳಬಹುದಲ್ಲ, ಹುಳ ಯಾಕೆ ಬೇಕು?

ಕೆಲವಕ್ಕೆ ಹೇಳಬಹುದು. ಎರಡೂ ತುದಿಗೆ ಬಿರಡೆ ಇಟ್ಟಂತಹ, ನಿಂಬೆಹಣ್ಣಿನ ಆಕಾರದ ಕಂದು ಮೊಟ್ಟೆ ಚಾಟಿಹುಳುವಿನದು. ದಪ್ಪ ಚಿಪ್ಪಿನ ಹೊರಮೈ ಬೊಬ್ಬೆಬೊಬ್ಬೆಯಾಗಿದ್ದು 50ರಿಂದ 75 ಮೈಕ್ರಾನ್ ಉದ್ದವಿದ್ದರೆ ಆಸ್ಕರಿಸ್. ತೆಳು ಚಿಪ್ಪಿನ ಸಣ್ಣ ಮೊಟ್ಟೆಯೊಳಗೆ ಆಗಲೇ ಮರಿ ಸುತ್ತಿಕೊಂಡಿದ್ದು ಲದ್ದಿ ತಾಜಾ ಆಗಿದ್ದರೆ ಸ್ಟ್ರಾಂಗೈಲಾಯ್ಡಿಸ್ ರ್ಯಾನ್ಸಮಿ. ಆದರೆ ಈಸೋಫಗೋಸ್ಟೋಮಮ್ ಮತ್ತು ಹಯೋಸ್ಟ್ರಾಂಗೈಲಸ್ ಮೊಟ್ಟೆಗಳನ್ನು ಬೇರ್ಪಡಿಸಿ ಹೇಳಲಾಗದು. ಲದ್ದಿಯನ್ನು ತೇವವಾಗಿಟ್ಟು ಒಂದು ವಾರ ಮರಿ ಬೆಳೆಸಿ, ಮೂರನೆಯ ಹಂತದ ಮರಿಯ ಆಕಾರ ಮತ್ತು ಬಾಲದ ಕವಚ ನೋಡಬೇಕು.

ಉಪ್ಪುನೀರಿನಲ್ಲಿ ತೇಲಿಸುವ ವಿಧಾನದ ಮಿತಿಯನ್ನೂ ತಿಳಿದಿರಬೇಕು. ಎಲೆಹುಳುಗಳ ಮೊಟ್ಟೆ ಭಾರವಾಗಿದ್ದು ತಳಕ್ಕಿಳಿಯುತ್ತದೆ, ಮುಳ್ಳುತಲೆಯ ಮೊಟ್ಟೆಯೂ ಸರಿಯಾಗಿ ತೇಲುವುದಿಲ್ಲ. ಇವಕ್ಕೆ ತಳಗಟ್ಟಿಸುವ ವಿಧಾನ ಬೇಕು. ಸ್ಟೆಫನೂರಸ್‌ನ ಮೊಟ್ಟೆ ಮೂತ್ರದಲ್ಲಿ ಬರುತ್ತದೆ, ಲದ್ದಿಯನ್ನು ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ. ಗಂಡು ಹುಳುಗಳೇ ಇದ್ದರೆ, ಅಥವಾ ಹುಳುಗಳು ಇನ್ನೂ ಬಲಿತಿಲ್ಲದಿದ್ದರೆ ಮೊಟ್ಟೆಯೇ ಇರುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮೊದಲು ತಲೆ ನೋಡಬೇಕೋ ಬಾಲ ನೋಡಬೇಕೋ?

ಕುಲಕ್ಕೆ (ಜೀನಸ್) ತಲೆ, ಪ್ರಭೇದಕ್ಕೆ (ಸ್ಪೀಶೀಸ್) ಗಂಡಿನ ಬಾಲ ಎಂಬುದು ದುಂಡುಹುಳುಗಳ ಮಟ್ಟಿಗೆ ನಾನು ವಿದ್ಯಾರ್ಥಿಗಳಿಗೆ ಹೇಳುವ ಒರಟು ನಿಯಮ. ತಲೆಯಲ್ಲಿ ತುಟಿಗಳೆಷ್ಟು, ಬಾಯಿಕುಳಿ ಎಷ್ಟು ಆಳ, ಹಲ್ಲುಗಳಿವೆಯೇ, ಅನ್ನನಾಳದ ಆಕಾರವೇನು ಎಂಬುದನ್ನು ನೋಡಬೇಕು. ಆಸ್ಕರಿಸ್‌ಗೆ ಮೂರು ತುಟಿಗಳು, ತುಟಿಯ ಒಳಅಂಚಿನಲ್ಲಿ ಸೂಕ್ಷ್ಮ ಹಲ್ಲಿನ ಸಾಲು. ಚಾಟಿಹುಳುವಿನ ಅನ್ನನಾಳ ತೆಳ್ಳಗಿನ ಮುಂಭಾಗದುದ್ದಕ್ಕೂ ಒಂದರ ಹಿಂದೊಂದು ಜೋಡಿಸಿದ ದೊಡ್ಡ ಕೋಶಗಳ ಸಾಲಿನೊಳಗೆ ಹಾದುಹೋಗುತ್ತದೆ, ಮರಿಗಳು ಸ್ನಾಯುವಿನಲ್ಲಿ ನೆಲೆಸುವ ಟ್ರೈಕಿನೆಲ್ಲಾ ಎಂಬ ದುಂಡುಹುಳುವಿನಲ್ಲೂ ಇದೇ ರಚನೆ ಇದೆ. ಈಸೋಫಗೋಸ್ಟೋಮಮ್ ಡೆಂಟೇಟಮ್ ಮತ್ತು ಕ್ವಾಡ್ರಿಸ್ಪಿನ್ಯುಲೇಟಮ್ ನಡುವಿನ ವ್ಯತ್ಯಾಸ ಬಾಯಿಕುಳಿ ಮತ್ತು ಅನ್ನನಾಳದ ಆಕಾರದಲ್ಲಿದೆ, ಅದನ್ನು ಕಾಣಲು ಅಭ್ಯಾಸ ಬೇಕು.

ಗಂಡಿನ ಬಾಲದಲ್ಲಿ ಸ್ಪಿಕ್ಯೂಲ್ ಎಂಬ ಸಂಭೋಗ ಕಡ್ಡಿಗಳ ಉದ್ದವನ್ನು ಅಳೆಯಬೇಕು. ಇದರ ಬಲಕ್ಕೆ ಮೆಟಾಸ್ಟ್ರಾಂಗೈಲಸ್ ಒಳ್ಳೆಯ ಉದಾಹರಣೆ. ಒಂದೇ ಶ್ವಾಸಕೋಶದಲ್ಲಿ ಮೂರು ಪ್ರಭೇದಗಳು ಕಲೆತಿರಬಹುದು, ಬರಿಗಣ್ಣಿಗೆ ಎಲ್ಲವೂ ಬಿಳಿ ದಾರಗಳೇ. ಎಂ. ಏಪ್ರಿಯ ಕಡ್ಡಿ ಸುಮಾರು 4 ಮಿಲಿಮೀಟರ್ ಉದ್ದವಿದ್ದು ತುದಿಯಲ್ಲಿ ಒಂದು ಕೊಕ್ಕೆ, ಎಂ. ಸಾಲ್ಮಿಯದು 2 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು; ಎಂ. ಪ್ಯುಡೆಂಡೋಟೆಕ್ಟಸ್‌ನದು ಒಂದೂವರೆ ಮಿಲಿಮೀಟರ್ ಆಸುಪಾಸು, ತುದಿಯಲ್ಲಿ ಜೋಡಿ ಕೊಕ್ಕೆ. ಹುಳುವನ್ನು ಲ್ಯಾಕ್ಟೋಫೀನಾಲ್‌ನಲ್ಲಿ ಪಾರದರ್ಶಕವಾಗುವವರೆಗೆ ಬಿಟ್ಟರೆ ಈ ಕಡ್ಡಿಗಳು ಕಂದುಬಣ್ಣದ ಗೆರೆಗಳಾಗಿ ಎದ್ದು ಕಾಣುತ್ತವೆ. ಆತುರಪಟ್ಟು ಅರ್ಧ ತಿಳಿಯಾದ ಹುಳುವನ್ನು ನೋಡಿ ಅಳತೆ ಬರೆಯುವವರೇ ಹೆಚ್ಚು.

ಬರೀ ಹೆಣ್ಣು ಹುಳಗಳೇ ಸಿಕ್ಕಿವೆ, ಏನು ಮಾಡಲಿ?

ಕುಲದ ಮಟ್ಟದಲ್ಲಿ ನಿಲ್ಲಿಸಿ, ಅಥವಾ ಡಿಎನ್‌ಎ ಪರೀಕ್ಷೆಗೆ ಕಳಿಸಿ. ಹೆಣ್ಣಿನ ಜನನರಂಧ್ರ ಎಲ್ಲಿದೆ ಎಂಬುದು ನೆರವಾಗುತ್ತದೆ: ಆಸ್ಕರಿಸ್‌ನಲ್ಲಿ ಮೈಯ ಮುಂದಿನ ಮೂರನೇ ಒಂದು ಭಾಗದ ಹತ್ತಿರ, ಮೆಟಾಸ್ಟ್ರಾಂಗೈಲಸ್‌ನಲ್ಲಿ ಗುದದ ಪಕ್ಕದಲ್ಲೇ. ಸ್ಟ್ರಾಂಗೈಲಾಯ್ಡಿಸ್ ಆದರೆ ಗಂಡನ್ನು ಹುಡುಕುವ ಅಗತ್ಯವೇ ಇಲ್ಲ, ಹಂದಿಯ ಕರುಳಿನಲ್ಲಿ ಇರುವುದು ಹೆಣ್ಣು ಮಾತ್ರ. ಗಂಡುಗಳು ಮಣ್ಣಿನಲ್ಲಿ ಬದುಕುವ ಪೀಳಿಗೆಯಲ್ಲಿ ಕಾಣಿಸಿಕೊಳ್ಳುತ್ತವೆ.

ಲಾಡಿಹುಳದ ತುಂಡು ತಂದಿದ್ದಾರೆ. ಅದು ಹಂದಿಯಿಂದ ಬಂದಿದ್ದಾ, ದನದಿಂದ ಬಂದಿದ್ದಾ?

ತಲೆ ಸಿಕ್ಕರೆ ಕೆಲಸ ಸುಲಭ. ಟೀನಿಯಾ ಸೋಲಿಯಮ್‌ನ ತಲೆಯ ಮೇಲೆ ಎರಡು ಸುತ್ತಿನಲ್ಲಿ 22ರಿಂದ 32 ಕೊಕ್ಕೆಗಳಿರುತ್ತವೆ. ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನೇಟಾಕ್ಕೆ ಕೊಕ್ಕೆಯೇ ಇಲ್ಲ. ತಲೆ ಸಿಗುವುದು ಅಪರೂಪ. ಮೊಟ್ಟೆ ತುಂಬಿದ ತುಂಡನ್ನು ಎರಡು ಗಾಜುಗಳ ನಡುವೆ ಒತ್ತಿ, ಗರ್ಭಕೋಶದ ನಡುಕಾಂಡದಿಂದ ಒಂದು ಬದಿಗೆ ಹೊರಡುವ ಕವಲುಗಳನ್ನು ಎಣಿಸಬೇಕು. ಸೋಲಿಯಮ್‌ನಲ್ಲಿ ಅವು ಕಡಿಮೆ, ಸಾಮಾನ್ಯವಾಗಿ 7ರಿಂದ 13. ಸ್ಯಾಜಿನೇಟಾದಲ್ಲಿ 12ರಿಂದ 30. 12, 13ರಲ್ಲಿ ಎರಡೂ ಕೂಡುತ್ತವೆ, ಅಲ್ಲಿ ಎಣಿಕೆ ಕೈಕೊಡುತ್ತದೆ. 1993ರಲ್ಲಿ ಪ್ರತ್ಯೇಕ ಪ್ರಭೇದವಾಗಿ ಹೆಸರಿಸಲಾದ ಟೀನಿಯಾ ಏಷಿಯಾಟಿಕಾ ಇನ್ನೂ ತೊಡಕಿನದು: ಬೆಳೆದ ಹುಳು ನೋಡಲು ದನದ ಲಾಡಿಹುಳುವಿನಂತೆ, ಆದರೆ ಅದರ ಗುಳ್ಳೆ ಕಟ್ಟುವುದು ಹಂದಿಯ ಈಲಿಯಲ್ಲಿ. ಮೂರರ ಮೊಟ್ಟೆಗಳೂ ಒಂದೇ ರೀತಿ ಇರುವುದರಿಂದ ತುಂಡನ್ನು ಬರಿಗೈಯಲ್ಲಿ ಮುಟ್ಟಬಾರದು.

ಹುಳಗಳನ್ನ ಫಾರ್ಮಲಿನ್‌ನಲ್ಲಿ ಹಾಕಿಟ್ಟಿದ್ದೀನಿ. ಡಿಎನ್‌ಎ ಬರುತ್ತಾ?

ಬರುವುದು ಕಷ್ಟ. ಫಾರ್ಮಲಿನ್ ಆಕಾರವನ್ನು ಚೆನ್ನಾಗಿ ಉಳಿಸುತ್ತದೆ, ಡಿಎನ್‌ಎಯನ್ನು ತುಂಡರಿಸಿ ಪ್ರೋಟೀನಿಗೆ ಬೆಸೆದುಬಿಡುತ್ತದೆ. ಹುಳು ಸಿಕ್ಕ ದಿನವೇ ಎರಡು ಪಾಲು ಮಾಡುವುದು ಒಳ್ಳೆಯ ಪದ್ಧತಿ. ಮೊದಲು ಉಪ್ಪುನೀರಿನಲ್ಲಿ, ಅಂದರೆ ಡ್ರಿಪ್‌ಗೆ ಹಾಕುವ ಸಲೈನಿನಲ್ಲಿ, ತೊಳೆಯಿರಿ. ದುಂಡುಹುಳುವನ್ನು ಬಿಸಿ ಮಾಡಿದ 70 ಪ್ರತಿಶತ ಎಥನಾಲ್‌ಗೆ ಹಾಕಿದರೆ ಅದು ಸುರುಳಿಯಾಗದೆ ನೇರವಾಗಿ ಸಾಯುತ್ತದೆ (ಬಿಸಿ ಮಾಡುವುದು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಒಲೆಯ ಮೇಲೆ ಖಂಡಿತ ಅಲ್ಲ). ಮುಳ್ಳುತಲೆಯನ್ನು ಮೊದಲು ತಣ್ಣನೆಯ ಸಾದಾ ನೀರಿನಲ್ಲಿ ಬಿಟ್ಟರೆ ಒಳಗೆಳೆದುಕೊಂಡ ಮೂತಿಯನ್ನು ಹೊರಚಾಚುತ್ತದೆ, ಕೊಕ್ಕೆಗಳ ಸಾಲು ಎಣಿಸಲು ಸಿಗುತ್ತದೆ. ಆಮೇಲೆ ತಲೆಯನ್ನೂ ಬಾಲವನ್ನೂ ಅಂಗರಚನೆಗೆ ಉಳಿಸಿ, ನಡುಭಾಗದ ಒಂದು ತುಂಡನ್ನು 95 ಪ್ರತಿಶತಕ್ಕಿಂತ ಗಟ್ಟಿಯಾದ ಎಥನಾಲ್‌ನಲ್ಲಿ, ಸಾಧ್ಯವಾದರೆ ಫ್ರಿಜ್‌ನಲ್ಲಿ ಇಡಿ.

ದೊಡ್ಡ ಹೆಣ್ಣಾದರೆ ಆ ತುಂಡಿನಿಂದ ಗರ್ಭಕೋಶವನ್ನು ತೆಗೆದು ಮೈಗೋಡೆಯ ಸ್ನಾಯು ಮಾತ್ರ ಉಳಿಸಬೇಕು. ಮೊಟ್ಟೆಗಳಲ್ಲಿ ಗಂಡಿನ ಡಿಎನ್‌ಎ ಕೂಡ ಇರುತ್ತದೆ, ಫಲಿತಾಂಶದಲ್ಲಿ ಎರಡು ಹುಳುಗಳ ಗುರುತು ಬೆರೆಯುತ್ತದೆ. ಸೀಸೆಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಎಥನಾಲ್ ತಗುಲಿದರೆ ಪೆನ್ನಿನ ಶಾಯಿ ಉಳಿಯುವುದಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವಾಗ ಈ ಚೀಟಿಯೇ ನಿಮ್ಮ ಪರವಾಗಿ ಮಾತಾಡಬೇಕಾದ್ದು.

## ವಂಶವಾಹಿಯ ಪ್ರಶ್ನೆಗಳು

ಡಿಎನ್‌ಎ ಪರೀಕ್ಷೆ ಅಂದ್ರೆ ಇಡೀ ಹುಳದ ಜೀನ್ ಎಲ್ಲಾ ಓದ್ತಾರಾ?

ದಿನನಿತ್ಯದ ಗುರುತಿಸುವಿಕೆಗೆ ಅದರ ಅಗತ್ಯವಿಲ್ಲ. ಪಿಸಿಆರ್ ಎಂಬ ಪ್ರತಿ ಮಾಡುವ ವಿಧಾನದ ಮೂಲಕ ಕೆಲವು ನೂರು ಅಕ್ಷರಗಳ (ಡಿಎನ್‌ಎಯ ಘಟಕಗಳ) ಒಂದೆರಡು ತುಣುಕುಗಳನ್ನು ಮಾತ್ರ ಹೆಚ್ಚಿಸಿ ಓದುತ್ತಾರೆ. ಯಾವ ತುಣುಕು ಎಂಬುದು ಪ್ರಶ್ನೆಯನ್ನು ಅವಲಂಬಿಸಿದೆ. 18ಎಸ್ ರೈಬೋಸೋಮ್ ಜೀನ್ ಬಹಳ ನಿಧಾನವಾಗಿ ಬದಲಾಗುವುದರಿಂದ ದೊಡ್ಡ ಗುಂಪುಗಳ ಸಂಬಂಧ ತಿಳಿಯಲು ಸರಿ; ಹತ್ತಿರದ ಎರಡು ಪ್ರಭೇದಗಳಲ್ಲಿ ಅದು ಒಂದೇ ಆಗಿರಬಹುದು. ರೈಬೋಸೋಮ್ ಜೀನ್‌ಗಳ ನಡುವಿನ ಐಟಿಎಸ್-1, ಐಟಿಎಸ್-2 ತುಣುಕುಗಳು ಪ್ರಭೇದದ ಮಟ್ಟಕ್ಕೆ ಹೇಳಿ ಮಾಡಿಸಿದಂತಿವೆ. ಈಸೋಫಗೋಸ್ಟೋಮಮ್‌ನ ಎರಡು ಪ್ರಭೇದಗಳನ್ನು ಒಂದೇ ಒಂದು ಮರಿಹುಳುವಿನಿಂದಲೂ ಬೇರ್ಪಡಿಸಲು ಐಟಿಎಸ್-2 ಸಾಕು. ಮೈಟೋಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ) ಸಿಒಎಕ್ಸ್-1 ಎಂಬ ಜೀನ್ ಇನ್ನೂ ಬೇಗ ಬದಲಾಗುತ್ತದೆ, ಒಂದೇ ಪ್ರಭೇದದೊಳಗಿನ ಪ್ರಾದೇಶಿಕ ಗುಂಪುಗಳನ್ನೂ ತೋರಿಸುತ್ತದೆ. ಟೀನಿಯಾ ಸೋಲಿಯಮ್‌ನಲ್ಲಿ ಏಷ್ಯಾದ ಗುಂಪು ಬೇರೆ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಗುಂಪು ಬೇರೆ ಎಂದು ತಿಳಿದದ್ದು ಮೈಟೋಕಾಂಡ್ರಿಯದ ಜೀನ್‌ಗಳಿಂದಲೇ.

ಆಸ್ಕರಿಸ್ ಸುಯಮ್‌ನ ಪೂರ್ತಿ ಮೈಟೋಕಾಂಡ್ರಿಯ ಡಿಎನ್‌ಎ 14,284 ಅಕ್ಷರಗಳದ್ದು, 1992ರಲ್ಲೇ ಅದನ್ನು ಓದಿದ್ದರು. ಕೋಶಕೇಂದ್ರದ ಡಿಎನ್‌ಎಯ ಕರಡು 2011ರಲ್ಲಿ ಪ್ರಕಟವಾಯಿತು, ಅದು ಸುಮಾರು 27 ಕೋಟಿ ಅಕ್ಷರಗಳಷ್ಟು ದೊಡ್ಡದು.

ಹಂದಿ ಆಸ್ಕರಿಸ್, ಮನುಷ್ಯನ ಆಸ್ಕರಿಸ್ ಎರಡೂ ಒಂದೇನಾ ಬೇರೇನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವಿದೆ. ಮನುಷ್ಯನ ಹುಳುವಿಗೆ ಲಿನ್ನೇಯಸ್ 1758ರಲ್ಲಿ ಆಸ್ಕರಿಸ್ ಲುಂಬ್ರಿಕಾಯ್ಡಿಸ್ ಎಂದು ಹೆಸರಿಟ್ಟ. ಹಂದಿಯದಕ್ಕೆ ಗೋಟ್ಸೆ 1782ರಲ್ಲಿ ಆಸ್ಕರಿಸ್ ಸುಯಮ್ ಎಂದ. ಅಂಗರಚನೆಯಲ್ಲಿ ವ್ಯತ್ಯಾಸ ಹುಡುಕಿದವರು ತುಟಿಯಂಚಿನ ಹಲ್ಲಿನ ಸಾಲಿನ ಆಕಾರವನ್ನು ತೋರಿಸಿದರು. ಆದರೆ ಹುಳುವಿಗೆ ವಯಸ್ಸಾದಂತೆ ಹಲ್ಲು ಸವೆಯುತ್ತದೆ, ಎರಡೂ ಕಡೆಯ ಹುಳುಗಳಲ್ಲಿ ನಡುಗಾತ್ರದ ಹಲ್ಲುಗಳು ಸಿಗುತ್ತವೆ. ಒಂದು ಹುಳುವನ್ನು ಕೊಟ್ಟು ಯಾವುದೆಂದು ಕೇಳಿದರೆ ಹಲ್ಲು ನೋಡಿ ನಂಬಿಕೆಯಿಂದ ಹೇಳಲಾಗದು.

ಡಿಎನ್‌ಎ ಬಂದಾಗ ಮೊದಲು ಉತ್ತರ ಸಿಕ್ಕಿತು ಎನಿಸಿತು. ಗ್ವಾಟೆಮಾಲಾದ ಹಳ್ಳಿಗಳಲ್ಲಿ ಜನರೂ ಹಂದಿಗಳೂ ಒಂದೇ ಅಂಗಳದಲ್ಲಿ ಬದುಕುತ್ತಿದ್ದರೂ ಅವರ ಹುಳುಗಳು ಹೆಚ್ಚುಕಡಿಮೆ ಪ್ರತ್ಯೇಕ ಗುಂಪುಗಳೆಂದು 1993ರ ಅಧ್ಯಯನ ತೋರಿಸಿತು. ಐಟಿಎಸ್-1ರಲ್ಲಿ ಕೆಲವೇ ಅಕ್ಷರಗಳ ವ್ಯತ್ಯಾಸ ಕಂಡುಬಂದು, ಹೇ-3 ಎಂಬ ಕತ್ತರಿಸುವ ಕಿಣ್ವ ಹಾಕಿದರೆ ಎರಡು ಬೇರೆ ಪಟ್ಟೆವಿನ್ಯಾಸ ಬರುತ್ತದೆ ಎಂಬ ಸುಲಭ ಪರೀಕ್ಷೆಯೂ ಬಳಕೆಗೆ ಬಂತು. ಆಮೇಲೆ ಎರಡೂ ವಿನ್ಯಾಸ ಒಟ್ಟಿಗಿರುವ ಮಿಶ್ರತಳಿಯ ಹುಳುಗಳು ಸಿಗತೊಡಗಿದವು. ಮೈಟೋಕಾಂಡ್ರಿಯದ ಗುಂಪುಗಳು ಆತಿಥೇಯಕ್ಕೆ ತಕ್ಕಂತೆ ಅಚ್ಚುಕಟ್ಟಾಗಿ ಬೀಳಲಿಲ್ಲ. 2020ರಲ್ಲಿ ಕೆನ್ಯಾದ ಹಳ್ಳಿಗಳ ಜನರಿಂದ ತೆಗೆದ ಹುಳುಗಳ ಇಡೀ ಜೀನೋಮ್ ಓದಿದಾಗ, ಅವುಗಳಲ್ಲಿ ಹಂದಿಯ ಮತ್ತು ಮನುಷ್ಯನ ಎರಡೂ ವಂಶದ ಭಾಗಗಳು ಬೆರೆತಿರುವುದು ಕಂಡಿತು.

ನನ್ನ ಮಟ್ಟಿಗೆ, ಎರಡು ಹೆಸರುಗಳನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅವುಗಳ ನಡುವೆ ಗೋಡೆಯಿದೆ ಎಂದು ನಂಬಿ ನಡೆಯುವುದು ತಪ್ಪು. ಮನುಷ್ಯರಲ್ಲಿ ಆಸ್ಕರಿಸ್ ಅಪರೂಪವಾಗಿರುವ ಶ್ರೀಮಂತ ದೇಶಗಳಲ್ಲಿ ಸಿಗುವ ಪ್ರಕರಣಗಳು ಬಹುಪಾಲು ಹಂದಿಯಿಂದಲೇ ಬಂದವು ಎಂದು ಇದೇ ಡಿಎನ್‌ಎ ಗುರುತುಗಳು ತೋರಿಸಿವೆ. ಹೆಣ್ಣೊಂದು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡಬಲ್ಲದು, ಮಣ್ಣಿನಲ್ಲಿ ಅವು ವರ್ಷಗಟ್ಟಲೆ ಬದುಕುತ್ತವೆ. ಹಂದಿ ಗೊಬ್ಬರವನ್ನು ಹಸಿಯಾಗಿಯೇ ಸೊಪ್ಪು, ಕ್ಯಾರೆಟ್, ಮೂಲಂಗಿ ಬೆಳೆಗೆ ಹಾಕಬಾರದು ಎನ್ನುವುದು ಇದಕ್ಕಾಗಿಯೇ. ಬೆಂಗಳೂರಿನ ಮಾರುಕಟ್ಟೆಗೆ ಪ್ರತಿದಿನ ತರಕಾರಿ ಕಳಿಸುವ ನಮ್ಮ ಜಿಲ್ಲೆಗಳಲ್ಲಿ ಈ ಮಾತಿಗೆ ತೂಕ ಹೆಚ್ಚು.

ಹಾಗಾದ್ರೆ ಚಾಟಿಹುಳದ ಕಥೆಯೂ ಹೀಗೇನಾ?

ಇಲ್ಲ, ಅಲ್ಲಿ ಚಿತ್ರ ಹೆಚ್ಚು ಸ್ಪಷ್ಟವಿದೆ. ಹಂದಿಯ ಟ್ರೈಚುರಿಸ್ ಸುಯಿಸ್ ಮತ್ತು ಮನುಷ್ಯನ ಟ್ರೈಚುರಿಸ್ ಟ್ರೈಚಿಯುರಾ ನೋಟದಲ್ಲಿ ಅವಳಿಗಳಂತಿದ್ದರೂ ಐಟಿಎಸ್ ಮತ್ತು ಪೂರ್ತಿ ಮೈಟೋಕಾಂಡ್ರಿಯ ಡಿಎನ್‌ಎ ಎರಡರಲ್ಲೂ ದೂರ ಸರಿದ ಪ್ರತ್ಯೇಕ ಪ್ರಭೇದಗಳು. ಹಂದಿಯದು ಮನುಷ್ಯನ ಕರುಳಿನಲ್ಲಿ ಹೆಚ್ಚು ಕಾಲ ನೆಲೆಸುವುದಿಲ್ಲ. ಆ ಧೈರ್ಯದ ಮೇಲೆಯೇ ಕರುಳುರಿತದ ರೋಗಿಗಳಿಗೆ ಟಿ. ಸುಯಿಸ್ ಮೊಟ್ಟೆ ಕುಡಿಸಿ ನೋಡಿದ ವೈದ್ಯಕೀಯ ಪ್ರಯೋಗಗಳೂ ನಡೆದಿವೆ.

ಅಂಗರಚನೆ ಒಂದು ಹೇಳಿ ಡಿಎನ್‌ಎ ಇನ್ನೊಂದು ಹೇಳಿದ್ರೆ ಯಾವುದನ್ನ ನಂಬೋದು?

ಮೊದಲು ಎರಡನ್ನೂ ಅನುಮಾನಿಸಿ. ಸೀಸೆ ಅದಲುಬದಲಾಗಿದೆಯೇ, ಹುಳುವಿನ ಕರುಳಿನಲ್ಲಿದ್ದ ಹಂದಿಯ ಡಿಎನ್‌ಎಯನ್ನೇ ಓದಿದ್ದಾರೆಯೇ, ಪಕ್ಕದ ಮಾದರಿಯಿಂದ ಸೋರಿಕೆಯಾಗಿದೆಯೇ ಎಂದು ನೋಡಬೇಕು. ಕೋಶಕೇಂದ್ರಕ್ಕೆ ಹಾರಿಹೋಗಿ ಸತ್ತುಬಿದ್ದಿರುವ ಮೈಟೋಕಾಂಡ್ರಿಯ ಜೀನ್‌ನ ಪ್ರತಿಗಳೂ ದಾರಿ ತಪ್ಪಿಸುತ್ತವೆ; ಸಿಒಎಕ್ಸ್-1 ಓದಿನ ನಡುವೆ ಪ್ರೋಟೀನು ನಿಲ್ಲಿಸುವ ಸಂಕೇತ ಬಂದರೆ ಅದು ಅಂಥದ್ದೇ ಇರಬಹುದು.

ಇವೆಲ್ಲ ಸರಿಯಿದ್ದೂ ಭಿನ್ನಾಭಿಪ್ರಾಯ ಉಳಿದರೆ, ಅದು ಜೀವಿಯ ನಿಜವಾದ ಸಂಗತಿಯಾಗಿರಬಹುದು. ಟ್ರೈಕಿನೆಲ್ಲಾದ ಹಲವು ಪ್ರಭೇದಗಳ ಮರಿಗಳು ಸೂಕ್ಷ್ಮದರ್ಶಕದಲ್ಲಿ ಒಂದೇ. ಸ್ನಾಯುವಿನಲ್ಲಿ ಕವಚ ಕಟ್ಟುತ್ತದೆಯೋ ಇಲ್ಲವೋ ಎಂಬುದರಾಚೆ ಕಣ್ಣಿಗೆ ಏನೂ ಕಾಣದು, ಅಲ್ಲಿ ಪಿಸಿಆರ್‌ನ ತೀರ್ಪೇ ಕೊನೆಯದು. ಟೀನಿಯಾ ಏಷಿಯಾಟಿಕಾದಲ್ಲಿ ಮೈಟೋಕಾಂಡ್ರಿಯ ಒಂದು ಪ್ರಭೇದದ್ದು, ಕೋಶಕೇಂದ್ರದ ಜೀನ್ ಇನ್ನೊಂದರದ್ದು ಆಗಿರುವ ಹುಳುಗಳು ಸಿಕ್ಕಿವೆ, ಏಕೆಂದರೆ ಅದು ಸ್ಯಾಜಿನೇಟಾದೊಂದಿಗೆ ಬೆರೆತಿದೆ. ಮೈಟೋಕಾಂಡ್ರಿಯ ತಾಯಿಯ ಕಡೆಯ ಕಥೆಯನ್ನಷ್ಟೇ ಹೇಳುತ್ತದೆ. ಒಂದೇ ಜೀನ್ ಓದಿ ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ದೇಶದಲ್ಲೇ ಹೆಸರು ಪಡೆದ ಹಂದಿ ಹುಳ ಯಾವುದಾದ್ರೂ ಇದ್ಯಾ?

ಇವೆ, ಎರಡರ ಕಥೆಯೂ ಮನುಷ್ಯನಿಂದ ಶುರುವಾಗಿ ಹಂದಿಯಲ್ಲಿ ಮುಗಿಯುತ್ತದೆ. ದೊಡ್ಡ ಕರುಳಿನ ಎಲೆಹುಳು ಗ್ಯಾಸ್ಟ್ರೋಡಿಸ್ಕಾಯ್ಡಿಸ್ ಹೋಮಿನಿಸ್ ಅನ್ನು 1876ರಲ್ಲಿ ಲೂಯಿಸ್ ಮತ್ತು ಮೆಕಾನೆಲ್ ಭಾರತದ ರೋಗಿಯಲ್ಲಿ ಕಂಡು ವಿವರಿಸಿದರು. ಹೆಸರಿನಲ್ಲಿ ಮನುಷ್ಯನಿದ್ದರೂ ಅದರ ಮುಖ್ಯ ನೆಲೆ ಹಂದಿ. ರಕ್ತನಾಳದಲ್ಲಿ ಬದುಕುವ ಶಿಸ್ಟೊಸೋಮಾ ಇನ್‌ಕಾಗ್ನಿಟಮ್ ಅನ್ನು ಚಾಂಡ್ಲರ್ 1926ರಲ್ಲಿ ಹೆಸರಿಸಿದ್ದು ಬಂಗಾಳದಲ್ಲಿ ಮನುಷ್ಯನದೆಂದು ಭಾವಿಸಿದ ಮಲದಲ್ಲಿ ಸಿಕ್ಕ ಮೊಟ್ಟೆಗಳಿಂದ. ಕೆಲವೇ ವರ್ಷಗಳಲ್ಲಿ ಮದರಾಸಿನ ಹಂದಿಗಳಲ್ಲಿ ಬೆಳೆದ ಹುಳು ಸಿಕ್ಕಿ, ಆತಿಥೇಯ ಯಾರೆಂದು ಗೊತ್ತಾಯಿತು. ಭಾರತದ್ದೆಂಬ ಕಾರಣಕ್ಕೆ ಅದನ್ನು ದನಗಳ ಮೂಗುರೋಗ ಮೊದಲಾದವಕ್ಕೆ ಕಾರಣವಾಗುವ ಇಲ್ಲಿನ ಇತರ ಶಿಸ್ಟೊಸೋಮಾಗಳ ಗುಂಪಿಗೆ ಸೇರಿಸಿದ್ದರು. ಡಿಎನ್‌ಎ ಹೋಲಿಸಿದಾಗ ಅದು ಅವುಗಳ ಹತ್ತಿರದ ನೆಂಟನಲ್ಲ ಎಂದು ತಿಳಿಯಿತು.

ವಂಶವೃಕ್ಷದಲ್ಲಿ ಈ ಹುಳಗಳು ಎಲ್ಲೆಲ್ಲಿ ಕೂರುತ್ತವೆ? ಹಳೇ ಪುಸ್ತಕಕ್ಕೂ ಹೊಸದಕ್ಕೂ ತಾಳೆಯಾಗ್ತಿಲ್ಲ.

ತಾಳೆಯಾಗದಿರುವುದು ಸಹಜ, ಏಕೆಂದರೆ 1990ರ ದಶಕದಲ್ಲಿ ಮರವೇ ಬದಲಾಯಿತು. ಹಳೆಯ ಪುಸ್ತಕಗಳು ದುಂಡುಹುಳುಗಳನ್ನು ಬಾಲದ ಬಳಿಯ ಫ್ಯಾಸ್ಮಿಡ್ ಎಂಬ ಸೂಕ್ಷ್ಮ ಸಂವೇದನಾಂಗ ಇದೆಯೇ ಇಲ್ಲವೇ ಎಂಬುದರ ಮೇಲೆ ಎರಡು ವರ್ಗಗಳಾಗಿ ಒಡೆಯುತ್ತಿದ್ದವು. 1998ರಲ್ಲಿ ರೈಬೋಸೋಮ್ ಜೀನ್ ಆಧರಿಸಿ ಐದು ಕವಲುಗಳ ಮರ ಪ್ರಕಟವಾಯಿತು. ಅದರಲ್ಲಿ ಟ್ರೈಚುರಿಸ್, ಟ್ರೈಕಿನೆಲ್ಲಾ ಒಂದನೆಯ ಕವಲು, ಆಸ್ಕರಿಸ್ ಮೂರನೆಯದು, ಸ್ಟ್ರಾಂಗೈಲಾಯ್ಡಿಸ್ ನಾಲ್ಕನೆಯದು, ಈಸೋಫಗೋಸ್ಟೋಮಮ್, ಹಯೋಸ್ಟ್ರಾಂಗೈಲಸ್, ಮೆಟಾಸ್ಟ್ರಾಂಗೈಲಸ್ ಐದನೆಯದು. ಅಂದರೆ ಒಂದೇ ಹಂದಿಯ ಹೊಟ್ಟೆಯೊಳಗಿನ ದುಂಡುಹುಳುಗಳ ಪೂರ್ವಜರು ಪರಾವಲಂಬಿ ಬದುಕನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯಾಗಿ ಕಲಿತರು.

ಅದಕ್ಕೂ ಒಂದು ವರ್ಷ ಮೊದಲು, 1997ರಲ್ಲಿ, ದುಂಡುಹುಳುಗಳು ಪೊರೆ ಕಳಚುವ ಕೀಟಗಳ ಕಡೆಯವು ಎಂಬ ವಾದ ಬಂತು, ಈಗ ಅದೇ ಒಪ್ಪಿತ. ಲಾಡಿಹುಳು, ಎಲೆಹುಳುಗಳು ಶಂಖದಹುಳು, ಎರೆಹುಳುಗಳಿರುವ ಇನ್ನೊಂದು ದೊಡ್ಡ ಕೊಂಬೆಯಲ್ಲಿವೆ. ಮುಳ್ಳುತಲೆಯದು ಎಲ್ಲಕ್ಕಿಂತ ಅಚ್ಚರಿ: ಕೆರೆನೀರಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರೋಟಿಫರ್‌ಗಳೇ ಅದರ ಹತ್ತಿರದ ಬಂಧುಗಳು. ಮೈಯ ಹೊರಪದರದ ಸೂಕ್ಷ್ಮರಚನೆ ನೋಡಿದ ಕೆಲವು ಅಂಗರಚನಾಕಾರರು ಡಿಎನ್‌ಎಗೆ ಮುಂಚೆಯೇ ಇದನ್ನು ಊಹಿಸಿದ್ದರು ಎಂಬುದನ್ನು ಇಲ್ಲಿ ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು.

ಜೀನ್ ನೋಡಿ ಔಷಧಿ ನಾಟುತ್ತಾ ಇಲ್ವಾ ಹೇಳಬಹುದಾ?

ಸ್ವಲ್ಪ ಮಟ್ಟಿಗೆ. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಗುಂಪಿನ ಔಷಧಿಗಳು ಹುಳುವಿನ ಬೀಟಾ-ಟ್ಯೂಬುಲಿನ್ ಪ್ರೋಟೀನಿಗೆ ಅಂಟಿ ಕೊಲ್ಲುತ್ತವೆ. ಆ ಜೀನ್‌ನ 167, 198, 200ನೆಯ ಸ್ಥಾನಗಳಲ್ಲಿ ಬದಲಾವಣೆಯಾದರೆ ಔಷಧಿ ಹಿಡಿಯುವುದಿಲ್ಲ ಎಂಬುದು ಕುರಿಗಳ ಹುಳುಗಳಲ್ಲಿ ಚೆನ್ನಾಗಿ ಸಾಬೀತಾಗಿದೆ. ಹಂದಿಯ ಹುಳುಗಳಲ್ಲಿ ಔಷಧಿಗೆ ಬಗ್ಗದ ಈಸೋಫಗೋಸ್ಟೋಮಮ್ ವರದಿಯಾಗಿದೆ. ಸಾಕಣೆದಾರರಿಗೆ ಮಾತ್ರ ಇನ್ನೂ ಅಗ್ಗದ ಪರೀಕ್ಷೆ ಎಂದರೆ ಔಷಧಿ ಕೊಡುವ ದಿನ ಮತ್ತು ಕೊಟ್ಟ ಎರಡು ವಾರದ ನಂತರ ಲದ್ದಿಯಲ್ಲಿ ಮೊಟ್ಟೆ ಎಣಿಸುವುದೇ.

ಡೇಟಾಬೇಸ್‌ನಲ್ಲಿ ಹಾಕಿದ್ರೆ 97 ಪರ್ಸೆಂಟ್ ಹೊಂದಾಣಿಕೆ ಬಂತು. ಅದೇ ಜಾತಿ ಅಂತ ಬರೆಯಬಹುದಾ?

ಆ ಒಂದು ಸಂಖ್ಯೆಯ ಮೇಲೆ ಬರೆಯಬೇಡಿ. 18ಎಸ್‌ನಲ್ಲಿ 97 ಎಂದರೆ ಬೇರೆ ಕುಲವೇ ಇರಬಹುದು. ಸಿಒಎಕ್ಸ್-1ರಲ್ಲಿ 97 ಎಂದರೆ ಒಂದೇ ಪ್ರಭೇದದ ದೂರದ ಊರಿನ ಹುಳು ಇರಬಹುದು. ಹೊಂದಾಣಿಕೆ ತುಣುಕಿನ ಎಷ್ಟು ಉದ್ದಕ್ಕೆ ಬಂತು, ಎರಡನೆಯ ಮತ್ತು ಮೂರನೆಯ ಸ್ಥಾನದಲ್ಲಿ ಯಾವ ಹೆಸರುಗಳಿವೆ, ಅವುಗಳ ಅಂಕ ಎಷ್ಟು ಹತ್ತಿರ ಎಂದು ನೋಡಿ. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಡೇಟಾಬೇಸ್‌ಗೆ ಯಾರು ಬೇಕಾದರೂ ತಮ್ಮ ದತ್ತಾಂಶ ಸೇರಿಸಬಹುದಾದ್ದರಿಂದ ತಪ್ಪು ಹೆಸರಿನ ದಾಖಲೆಗಳು ಅಲ್ಲಿವೆ. ಒಂದೇ ಪ್ರಯೋಗಾಲಯದ ಒಂದೇ ದಾಖಲೆಗಿಂತ ಬೇರೆ ಬೇರೆ ದೇಶಗಳ ಹಲವು ದಾಖಲೆಗಳು ಒಪ್ಪುವುದು ಮೇಲು. ನಿಮ್ಮ ಹುಳುವಿನ ಹತ್ತಿರದ ಬಂಧುವಿನ ಅನುಕ್ರಮವನ್ನು ಯಾರೂ ಇನ್ನೂ ಸೇರಿಸಿರದಿದ್ದರೆ ಯಂತ್ರ ಇರುವುದರಲ್ಲೇ ಹತ್ತಿರದ್ದನ್ನು ತೋರಿಸಿಬಿಡುತ್ತದೆ. ಹಾಗಾಗಿ ಅನುಕ್ರಮಗಳನ್ನು ಸಾಲಾಗಿ ಜೋಡಿಸಿ ಮರ ಕಟ್ಟಿ, ನಿಮ್ಮದು ಯಾವ ಗುಂಪಿನೊಳಗೆ ಬೀಳುತ್ತದೆಂದು ನೋಡಿ, ಅದೇ ಹುಳುವಿನ ತಲೆ ಮತ್ತು ಬಾಲದ ಸ್ಲೈಡಿಗೆ ಹಿಂದಿರುಗಿ. ಅನುಕ್ರಮಕ್ಕೂ ಸ್ಲೈಡಿಗೂ ಸೀಸೆಗೂ ಒಂದೇ ಸಂಖ್ಯೆ ಇರಲಿ, ಸಿಕ್ಕ ತಾಲ್ಲೂಕು, ಅಂಗ, ದಿನಾಂಕ ಅದರೊಂದಿಗೇ ದಾಖಲಾಗಲಿ.